ತವರಿನ ಪಿಚ್ ಶ್ರೀನಾಥ್‌ಗೆ ಮುಳುವಾಯಿತೇ?

ತೊಂಬತ್ತರ ದಶಕದ ಕ್ರಿಕೆಟ್ ನೋಡಿದ ಮೈಸೂರಿನ ಯಾರ ಮುಂದಾದರೂ ಜಾವಗಲ್ ಶ್ರೀನಾಥ್ ಹೆಸರೆತ್ತಿ ನೋಡಿ. ಮೊದಲು ಹೆಮ್ಮೆ, ಅದರ ಬೆನ್ನಿಗೇ ಒಂದು ‘ಪಾಪ’. ಪಾಪ, ಆಸ್ಟ್ರೇಲಿಯದಲ್ಲೋ ದಕ್ಷಿಣ ಆಫ್ರಿಕದಲ್ಲೋ ಹುಟ್ಟಬೇಕಿತ್ತು, ನಮ್ಮ ಸತ್ತ ಪಿಚ್‌ಗಳ ಮೇಲೆ ಬೆವರು ಸುರಿಸಿ ತೋಳು ಸವೆಸಿಕೊಂಡರು ಅನ್ನುತ್ತಾರೆ. ಮಾತು ಎಷ್ಟು ಹಳೆಯದಾಗಿದೆಯೆಂದರೆ ಅದನ್ನು ಯಾರೂ ಒರೆಗೆ ಹಚ್ಚಲು ಹೋಗುವುದಿಲ್ಲ. ಸ್ಕೋರ್ ಪುಸ್ತಕ ತೆರೆದು ನೋಡಿದರೆ ಕಥೆ ತಿರುವುಮುರುವಾಗಿದೆ.

ಶ್ರೀನಾಥ್ ಆಡಿದ್ದು 67 ಟೆಸ್ಟ್, ಕಿತ್ತದ್ದು 236 ವಿಕೆಟ್, ಸರಾಸರಿ 30.49. ಸರಾಸರಿ ಎಂದರೆ ಒಂದೊಂದು ವಿಕೆಟ್‌ಗೆ ತೆತ್ತ ರನ್. ಕಡಿಮೆಯಾದಷ್ಟೂ ಬೌಲರ್ ದೊಡ್ಡವನು. ಈ ಒಟ್ಟು ಲೆಕ್ಕವನ್ನು ಎರಡು ಪಾಲು ಮಾಡಿ. ಭಾರತದಲ್ಲಿ ಆಡಿದ 32 ಟೆಸ್ಟ್‌ಗಳಲ್ಲಿ 108 ವಿಕೆಟ್, ಸರಾಸರಿ 26.61. ಹೊರಗಿನ 35 ಟೆಸ್ಟ್‌ಗಳಲ್ಲಿ 128 ವಿಕೆಟ್, ಸರಾಸರಿ 33.76. ಅಂದರೆ ‘ಸತ್ತ ಪಿಚ್‌’ಗಳ ಮೇಲೆಯೇ ಅವರು ಪ್ರತಿ ವಿಕೆಟ್ಟನ್ನೂ ಏಳು ರನ್ ಅಗ್ಗವಾಗಿ ಪಡೆದಿದ್ದಾರೆ. ಇದು ಶ್ರೀನಾಥ್ ಒಬ್ಬರ ವಿಚಿತ್ರವೂ ಅಲ್ಲ. ಕಪಿಲ್ ದೇವ್ ಅವರದೂ ಹೀಗೇ: ತವರಿನಲ್ಲಿ 26.49, ಹೊರಗೆ 32.85. ಭಾರತದ ಇಬ್ಬರು ಹಿರಿಯ ವೇಗಿಗಳಿಗೆ ತವರಿನ ನೆಲವೇ ಹೆಚ್ಚು ಒಲಿದಿತ್ತು ಎಂದಮೇಲೆ, ‘ಪಾಪ’ ಅನ್ನಬೇಕಾದದ್ದು ಯಾವುದಕ್ಕೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಜಾವಗಲ್ ಎಂಬುದು ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿರುವ ಊರು. ಹೆಸರಿನಲ್ಲಿ ಆ ಊರನ್ನು ಹೊತ್ತ ಹುಡುಗ ಬೆಳೆದದ್ದು ಮೈಸೂರಿನಲ್ಲಿ. ಹುಟ್ಟಿದ್ದು 1969ರ ಆಗಸ್ಟ್ 31. ಓದಿದ್ದು ಮರಿಮಲ್ಲಪ್ಪ ಹೈಸ್ಕೂಲಿನಲ್ಲಿ, ಆಮೇಲೆ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಊರವರ ಬಾಯಲ್ಲಿ ಎಸ್‌ಜೆಸಿಇ. ವಿಷಯ ಇನ್‌ಸ್ಟ್ರುಮೆಂಟೇಶನ್. ಆ ಕಾಲದ ಮೈಸೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದರೆ ಜೀವನದ ಅರ್ಧ ಗೆದ್ದಂತೆ. ಅಂಥ ಸೀಟು ಕೈಯಲ್ಲಿದ್ದೂ ಸುಡುಬಿಸಿಲಲ್ಲಿ ಇಪ್ಪತ್ತು ಇಪ್ಪತ್ತೈದು ಹೆಜ್ಜೆ ಓಡಿಬಂದು ಚೆಂಡೆಸೆಯುವುದನ್ನೇ ವೃತ್ತಿ ಮಾಡಿಕೊಳ್ಳುವುದು ಯಾವ ಲೆಕ್ಕಾಚಾರಕ್ಕೂ ಹೊಂದುವ ತೀರ್ಮಾನವಲ್ಲ. ಬೆಂಗಳೂರಿನಲ್ಲಿ ಆರ್‌ವಿ ಕಾಲೇಜಿನ ಅನಿಲ್ ಕುಂಬ್ಳೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಕೆಲಸ ಮಾಡುತ್ತಿದ್ದರು.

ಕ್ಲಬ್ ಪಂದ್ಯವೊಂದರಲ್ಲಿ ಈ ಹುಡುಗನ ಬೌಲಿಂಗ್ ನೋಡಿ ರಾಜ್ಯದ ಆಯ್ಕೆದಾರರ ಕಿವಿಗೆ ಹಾಕಿದವರು ಗುಂಡಪ್ಪ ವಿಶ್ವನಾಥ್. ಬ್ಯಾಟ್ಸ್‌ಮನ್‌ನ ಕಣ್ಣು ಬೌಲರ್‌ನನ್ನು ಹುಡುಕಿತು. ಒಳ್ಳೆಯ ಬ್ಯಾಟ್ಸ್‌ಮನ್‌ಗೆ ಮಾತ್ರ ಯಾರನ್ನು ಎದುರಿಸುವುದು ಕಷ್ಟ ಎಂಬುದು ಸರಿಯಾಗಿ ಗೊತ್ತು. 1989-90ರಲ್ಲಿ ಹೈದರಾಬಾದ್ ವಿರುದ್ಧ ರಣಜಿಗೆ ಕಾಲಿಟ್ಟ ಶ್ರೀನಾಥ್ ಮೊದಲ ಇನಿಂಗ್ಸ್‌ನಲ್ಲೇ ಹ್ಯಾಟ್ರಿಕ್ ಕಿತ್ತರು. ಎರಡು ವರ್ಷ ಕಳೆಯುವುದರೊಳಗೆ, 1991ರ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದ ಎದುರು ಮೊದಲ ಏಕದಿನ ಪಂದ್ಯ, ನವೆಂಬರ್ ಕೊನೆಗೆ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್.

ಇನ್ನು ಮುಂದಿನದು ವಿಚಿತ್ರ. ಬ್ರಿಸ್ಬೇನ್ ಆದಮೇಲೆ ಪೂರ್ತಿ ಮೂರು ವರ್ಷ ಶ್ರೀನಾಥ್ ಭಾರತದಲ್ಲಿ ಒಂದೇ ಒಂದು ಟೆಸ್ಟ್ ಆಡಲಿಲ್ಲ. ಆಸ್ಟ್ರೇಲಿಯದ ಮೊದಲ ಪ್ರವಾಸದಲ್ಲಿ ಅವರು ತೆಗೆದದ್ದು 10 ವಿಕೆಟ್, ಅದೂ 55ರ ಸರಾಸರಿಯಲ್ಲಿ. ಮರುವರ್ಷ ದಕ್ಷಿಣ ಆಫ್ರಿಕದಲ್ಲಿ 12 ವಿಕೆಟ್, 26ರ ಸರಾಸರಿ. ಹುಡುಗ ಪಳಗಿದ ಎಂದು ಯಾರಾದರೂ ಹೇಳುವಂಥ ಸುಧಾರಣೆ. ಆದರೆ ಆ ಪ್ರವಾಸ ಮುಗಿಸಿ ಬಂದ ಬೆನ್ನಲ್ಲೇ, 1993ರ ಆರಂಭದಲ್ಲಿ ಇಂಗ್ಲೆಂಡ್ ತಂಡ ಇಲ್ಲಿಗೆ ಬಂದಾಗ, ಅವರು ಬೆಂಚಿನಲ್ಲಿ. ಹೊಸ ಚೆಂಡಿಗೆ ಕಪಿಲ್ ಮತ್ತು ಮನೋಜ್ ಪ್ರಭಾಕರ್, ಚೆಂಡು ಹಳತಾದಮೇಲೆ ಕುಂಬ್ಳೆ, ವೆಂಕಟಪತಿ ರಾಜು, ರಾಜೇಶ್ ಚೌಹಾಣ್. ಇಂಗ್ಲೆಂಡ್ ವಿರುದ್ಧ ಮೂರು, ಜಿಂಬಾಬ್ವೆ ವಿರುದ್ಧ ಒಂದು, ಮರುವರ್ಷ ಶ್ರೀಲಂಕಾ ವಿರುದ್ಧ ಮೂರು, ಒಟ್ಟು ಏಳು ತವರಿನ ಟೆಸ್ಟ್‌ಗಳು ಅವರಿಲ್ಲದೆ ಮುಗಿದವು. ಏಳನ್ನೂ ಭಾರತ ಗೆದ್ದಿತು. ಆಯ್ಕೆಗಾರರನ್ನು ಬೈಯಲು ಹೊರಟವರು ಇಲ್ಲಿ ಸ್ವಲ್ಪ ತಡೆಯಬೇಕು. ಗೆಲ್ಲುತ್ತಿರುವ ತಂಡಕ್ಕೆ ಕೈಹಚ್ಚುವುದು ಯಾವ ನಾಯಕನಿಗೂ ಸುಲಭವಲ್ಲ. ಜೊತೆಗೆ ಕಪಿಲ್ ಅವರಿಗೆ ರಿಚರ್ಡ್ ಹ್ಯಾಡ್ಲಿಯ 431 ವಿಕೆಟ್‌ಗಳ ದಾಖಲೆ ದಾಟುವುದಿತ್ತು. ಇಡೀ ದೇಶವೇ ಅದನ್ನು ಕಾಯುತ್ತಿತ್ತು. 1994ರ ಫೆಬ್ರುವರಿಯಲ್ಲಿ ಅಹಮದಾಬಾದಿನಲ್ಲಿ ಅದೂ ಆಯಿತು. ಮೈಸೂರಿನ ಹುಡುಗ ಕಾದ.

ಕಪಿಲ್ ನಿವೃತ್ತರಾದರು. 1994ರ ನವೆಂಬರ್‌ನಲ್ಲಿ ಮುಂಬೈನ ವಾಂಖೆಡೆಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಶ್ರೀನಾಥ್ ಕೊನೆಗೂ ತವರಿನಲ್ಲಿ ಮೊದಲ ಟೆಸ್ಟ್ ಆಡಿದರು. ಪಂದ್ಯದಲ್ಲಿ ಐದು ವಿಕೆಟ್, ಎರಡನೇ ಇನಿಂಗ್ಸ್‌ನಲ್ಲಿ ಕೆಳಗಿನ ಕ್ರಮಾಂಕದಲ್ಲಿ ಬಂದು 60 ರನ್. ಭಾರತ 96 ರನ್‌ಗಳಿಂದ ಗೆದ್ದಿತು. ವೇಗದ ಬೌಲರ್‌ನ ಇಪ್ಪತ್ತೆರಡರಿಂದ ಇಪ್ಪತ್ತೈದರವರೆಗಿನ ವಯಸ್ಸು ಮೈಯಲ್ಲಿ ಶಕ್ತಿ ಉಕ್ಕುವ ಕಾಲ. ಆ ಮೂರು ವರ್ಷ ತಾವು ಅತ್ಯಂತ ಚೆನ್ನಾಗಿ ಎಸೆಯಬಲ್ಲ ನೆಲದಿಂದಲೇ ಅವರು ದೂರವಿದ್ದರು. ‘ಪಾಪ’ ಅನ್ನುವುದಿದ್ದರೆ ನಾನು ಇದಕ್ಕೆ ಅನ್ನುತ್ತೇನೆ.

ಆ ನೆಲ ಅವರಿಗೆ ಯಾಕೆ ಹೊಂದುತ್ತಿತ್ತು? ಶ್ರೀನಾಥ್ ತೋಳನ್ನು ಕಿವಿಯ ಪಕ್ಕ ನೇರ ಎತ್ತಿ ಚೆಂಡು ಬಿಡುತ್ತಿದ್ದವರು. ಅವರ ಸಹಜ ಎಸೆತ ಬಲಗೈ ಬ್ಯಾಟ್ಸ್‌ಮನ್‌ನ ಒಳಕ್ಕೆ ನುಗ್ಗುವಂಥದ್ದು, ಇನ್‌ಸ್ವಿಂಗ್. ಹೊರಕ್ಕೆ ಹೋಗುವ ಚೆಂಡು, ಲೆಗ್‌ಕಟರ್, ಅವರು ವರ್ಷಗಟ್ಟಲೆ ದುಡಿದು ರೂಢಿಸಿಕೊಂಡದ್ದು. ಪುಟಿತ ಹೆಚ್ಚಿರುವ ಪರ್ತ್‌ನಂಥ ಕಡೆ ಒಳಕ್ಕೆ ಬರುವ ಚೆಂಡು ಸ್ಟಂಪ್‌ನ ಮೇಲಿಂದ ಹಾರಿಹೋಗುತ್ತದೆ. ಅದೇ ಚೆಂಡು ನಮ್ಮ ಪಿಚ್‌ಗಳಲ್ಲಿ ಮೊಣಕಾಲಿನ ಎತ್ತರಕ್ಕೇ ನಿಂತು ಪ್ಯಾಡಿಗೆ ಬಡಿಯುತ್ತದೆ, ಇಲ್ಲವೆ ಬ್ಯಾಟು ಪ್ಯಾಡಿನ ಸಂದಿಯಲ್ಲಿ ತೂರಿ ಬೇಲ್ ಹಾರಿಸುತ್ತದೆ. ಎಲ್‌ಬಿ ಮತ್ತು ಬೌಲ್ಡ್ ಬೇಕಾದವನಿಗೆ ತಗ್ಗಿನ ಪಿಚ್ ಶತ್ರುವಲ್ಲ. ಅದರ ಜೊತೆಗೆ ಒಣ ನೆಲ ಚೆಂಡಿನ ಮೈಯನ್ನು ಬೇಗ ಉಜ್ಜಿ ಕೆಡಿಸುತ್ತದೆ. ಒಂದು ಮಗ್ಗುಲು ಒರಟಾಗಿ, ಬೆವರು ಸವರಿ ತಿಕ್ಕಿದ ಇನ್ನೊಂದು ಮಗ್ಗುಲು ನುಣುಪಾಗಿ ಉಳಿದ ಹಳೆಯ ಚೆಂಡು, ವೇಗ ಸಾಕಷ್ಟಿದ್ದರೆ, ಹೊಸತಿದ್ದಾಗ ಬಾಗುತ್ತಿದ್ದ ದಿಕ್ಕಿಗೆ ವಿರುದ್ಧವಾಗಿ ಬಾಗತೊಡಗುತ್ತದೆ. ರಿವರ್ಸ್ ಸ್ವಿಂಗ್ ಎನ್ನುವುದು ಅದನ್ನೇ. ‘ವೇಗ ಸಾಕಷ್ಟಿದ್ದರೆ’ ಎಂಬ ಷರತ್ತನ್ನು ಆ ಕಾಲದ ಭಾರತ ತಂಡದಲ್ಲಿ ಪೂರೈಸಬಲ್ಲವರು ಹೆಚ್ಚುಕಡಿಮೆ ಒಬ್ಬರೇ. ಮೈಸೂರು ಎಕ್ಸ್‌ಪ್ರೆಸ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

1996ರ ನವೆಂಬರ್‌ನ ಅಹಮದಾಬಾದ್ ಟೆಸ್ಟ್ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ಮೊದಲ ಟೆಸ್ಟ್ ಆಡುತ್ತಿದ್ದ ವಿ.ವಿ.ಎಸ್. ಲಕ್ಷ್ಮಣ್ ಅರ್ಧಶತಕ ಹೊಡೆದು ತಂಡದ ಮರ್ಯಾದೆ ಉಳಿಸಿದ್ದರೂ ದಕ್ಷಿಣ ಆಫ್ರಿಕಕ್ಕೆ ಗೆಲ್ಲಲು ಬೇಕಾದದ್ದು ಬರೀ 170 ರನ್. ಪಿಚ್ ಒಡೆದಿತ್ತು, ಎಲ್ಲರ ಕಣ್ಣೂ ಸ್ಪಿನ್ನರ್‌ಗಳ ಮೇಲೆ. ಶ್ರೀನಾಥ್ ಆರಂಭದಲ್ಲೇ ಆಂಡ್ರ್ಯೂ ಹಡ್ಸನ್ ಮತ್ತು ಡೆರಿಲ್ ಕಲಿನನ್ ಅವರನ್ನು ಒಂದರ ಬೆನ್ನಿಗೊಂದು ಎಸೆತದಲ್ಲಿ ಕಳಿಸಿದರು. ನಾಯಕ ಹ್ಯಾನ್ಸಿ ಕ್ರೋನಿಯೆ ಒಂದು ತುದಿ ಹಿಡಿದು 48 ರನ್ ಮಾಡಿ ಔಟಾಗದೆ ಉಳಿದರು, ಇನ್ನೊಂದು ತುದಿಯಲ್ಲಿ ಬಂದವರೆಲ್ಲ ಹೊರಟರು. ತಂಡ 105ಕ್ಕೆ ಆಲೌಟ್. ಶ್ರೀನಾಥ್ 21 ರನ್‌ಗೆ 6. ಸ್ಪಿನ್ನರ್‌ಗಳಿಗಾಗಿ ಹದಗೊಂಡ ಪಿಚ್ಚಿನಲ್ಲಿ ನಾಲ್ಕನೇ ದಿನ ಪಂದ್ಯ ಮುಗಿಸಿದ್ದು ವೇಗಿ.

ಹೊರದೇಶದ ಲೆಕ್ಕ ಯಾಕೆ ಸೊರಗಿತು ಎಂಬುದಕ್ಕೆ ಒಂದು ಕಾರಣ ಅವರ ಲೆಂತ್. ಚೆಂಡು ನೆಲ ಮುಟ್ಟುವ ಜಾಗ ಒಂದಡಿ ಹಿಂದಾದರೆ ಬ್ಯಾಟನ್ನು ಸೋಲಿಸಿ ಕೀಪರ್ ಕೈ ಸೇರುತ್ತದೆ, ಪ್ರೇಕ್ಷಕರು ‘ಅಯ್ಯೋ’ ಅನ್ನುತ್ತಾರೆ, ಸ್ಕೋರರ್ ಏನೂ ಬರೆಯುವುದಿಲ್ಲ. ಒಂದಡಿ ಮುಂದೆ ಬಿದ್ದಿದ್ದರೆ ಅಂಚು ಸವರಿ ಸ್ಲಿಪ್‌ಗೆ ಹೋಗುತ್ತಿತ್ತು. 1996ರ ಇಂಗ್ಲೆಂಡ್ ಪ್ರವಾಸದಲ್ಲಿ ಶ್ರೀನಾಥ್ ಬ್ಯಾಟ್ ದಾಟಿಸಿದ್ದಕ್ಕೆ ಲೆಕ್ಕವಿಲ್ಲ. ಆದರೆ ವಿಕೆಟ್ ಹೆಚ್ಚು ತೆಗೆದದ್ದು ಅವರಿಗಿಂತ ನಿಧಾನಿ ವೆಂಕಟೇಶ ಪ್ರಸಾದ್, 15. ಅದೃಷ್ಟ ಕೆಟ್ಟಿತ್ತು ಎಂದು ಆಗ ಎಲ್ಲರೂ ಬರೆದರು. ಪೂರ್ತಿ ಅದೃಷ್ಟ ಅಂತ ನನಗನ್ನಿಸುವುದಿಲ್ಲ. ಇನ್ನೊಂದು ಕಾರಣ ಬ್ಯಾಟ್ಸ್‌ಮನ್‌ಗಳದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ಪ್ರಸಾದ್ ಎರಡೂ ಇನಿಂಗ್ಸ್‌ನಲ್ಲಿ ಐದೈದು ವಿಕೆಟ್ ಕಿತ್ತರೆ, ನಮ್ಮವರು 100 ಮತ್ತು 66ಕ್ಕೆ ಮಡಚಿಕೊಂಡರು. ಕಾಪಾಡಲು ರನ್ನೇ ಇಲ್ಲದಾಗ ನಾಯಕ ಸ್ಲಿಪ್ ತೆಗೆದು ಕವರ್‌ಗೆ ಕಳಿಸುತ್ತಾನೆ, ಬೌಲರ್ ವಿಕೆಟ್ ಬಿಟ್ಟು ರನ್ ತಡೆಯಲು ಎಸೆಯುತ್ತಾನೆ.

ಹಾಗಂತ ಇಂಗ್ಲೆಂಡಿನ ಹಸಿರು ಅವರಿಗೆ ಒಗ್ಗಲೇ ಇಲ್ಲ ಅನ್ನಲಾಗದು. 1995ರಲ್ಲಿ ಕೋರ್ಟ್ನಿ ವಾಲ್ಶ್ ತಮ್ಮ ದೇಶದ ತಂಡದೊಂದಿಗೆ ಇದ್ದುದರಿಂದ ಗ್ಲೌಸ್ಟರ್‌ಶೈರ್ ಕೌಂಟಿ ಅವರ ಜಾಗಕ್ಕೆ ಶ್ರೀನಾಥ್‌ರನ್ನು ಕರೆಸಿಕೊಂಡಿತು. ಆ ಬೇಸಿಗೆಯಲ್ಲಿ ಅವರು 87 ವಿಕೆಟ್ ಕಿತ್ತರು, ಸರಾಸರಿ 19.08. ಗ್ಲಾಮೊರ್ಗನ್ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 76ಕ್ಕೆ 9. ವಾಲ್ಶ್ ಖಾಲಿ ಬಿಟ್ಟ ಜಾಗ ತುಂಬುವುದೆಂದರೆ ಸಣ್ಣ ಮಾತಲ್ಲ. ಮುಂದೆ ಲೆಸ್ಟರ್‌ಶೈರ್, ಡರಂಗೂ ಆಡಿದರು. ಭಾರತದ ವೇಗಿಯೊಬ್ಬನನ್ನು ಇಂಗ್ಲೆಂಡಿನ ಕೌಂಟಿಗಳು ಹಣ ಕೊಟ್ಟು ಕರೆಸಿಕೊಳ್ಳುವುದು ಕಪಿಲ್ ಬಿಟ್ಟರೆ ಆಗ ಅಪರೂಪವೇ.

1999ರ ಫೆಬ್ರುವರಿಯ ಎರಡು ಟೆಸ್ಟ್‌ಗಳನ್ನು ಒಟ್ಟಿಗೆ ನೋಡಬೇಕು. ದೆಹಲಿಯಲ್ಲಿ ಪಾಕಿಸ್ತಾನದ ಎರಡನೇ ಇನಿಂಗ್ಸ್, ಕುಂಬ್ಳೆಗೆ ಒಂಬತ್ತು ವಿಕೆಟ್ ಆಗಿದೆ. ಇನ್ನೊಂದು ತುದಿಯಿಂದ ಓವರ್ ಶ್ರೀನಾಥ್ ಅವರದು. ಇಡೀ ಜೀವನ ಸ್ಟಂಪ್‌ಗೆ ಗುರಿಯಿಟ್ಟ ಮನುಷ್ಯ ಆ ಓವರ್ ಪೂರ್ತಿ ಬ್ಯಾಟ್ಸ್‌ಮನ್‌ಗೆ ಎಟುಕದಂತೆ ಆಚೆಯಾಚೆ ಎಸೆದರು. ಅಂಪೈರ್ ತೋಳು ಚಾಚಿ ವೈಡ್ ಎಂದರು. ಕೊನೆಯ ವಿಕೆಟ್ ತಪ್ಪಿಯೂ ತನ್ನ ಪಾಲಿಗೆ ಬೀಳಬಾರದು ಎಂದು ಎಚ್ಚರ ವಹಿಸಿದ ಓವರ್ ಅದು. ಮುಂದಿನ ಓವರ್‌ನಲ್ಲಿ ವಾಸಿಂ ಅಕ್ರಂ ಶಾರ್ಟ್‌ಲೆಗ್‌ನಲ್ಲಿದ್ದ ಲಕ್ಷ್ಮಣ್‌ಗೆ ಕ್ಯಾಚಿತ್ತರು, 74ಕ್ಕೆ 10 ಎಂಬ ಅಂಕಿ ಚರಿತ್ರೆ ಸೇರಿತು.

ಅದಾಗಿ ಒಂಬತ್ತು ದಿನಕ್ಕೆ ಕೋಲ್ಕತ್ತದ ಈಡನ್ ಗಾರ್ಡನ್ಸ್, ಏಷ್ಯನ್ ಟೆಸ್ಟ್ ಚಾಂಪಿಯನ್‌ಷಿಪ್. ಮೊದಲ ಬೆಳಿಗ್ಗೆಯೇ ಪಾಕಿಸ್ತಾನ 26 ರನ್‌ಗೆ ಆರು ವಿಕೆಟ್ ಕಳೆದುಕೊಂಡಿತ್ತು. ಶ್ರೀನಾಥ್ ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8. ಪಂದ್ಯದಲ್ಲಿ ಹದಿಮೂರು. ಭಾರತ 46 ರನ್‌ಗಳಿಂದ ಸೋತಿತು. ಈಗ ಆ ಟೆಸ್ಟ್ ಎಂದರೆ ಜನಕ್ಕೆ ನೆನಪಾಗುವುದು ಶೋಯಬ್ ಅಖ್ತರ್‌ಗೆ ಡಿಕ್ಕಿ ಹೊಡೆದು ಸಚಿನ್ ರನೌಟ್ ಆದದ್ದು, ಗಲಾಟೆ, ಪೊಲೀಸರು ಪ್ರೇಕ್ಷಕರನ್ನು ಹೊರಗೆ ಅಟ್ಟಿದ್ದು, ಖಾಲಿ ಮೈದಾನದಲ್ಲಿ ಬಿದ್ದ ಕೊನೆಯ ವಿಕೆಟ್‌ಗಳು. ಸಯೀದ್ ಅನ್ವರ್ ಔಟಾಗದೆ ಹೊಡೆದ 188ನ್ನೂ ನೆನೆಯುವವರಿದ್ದಾರೆ. ಆ ಹದಿಮೂರನ್ನು ಕೇಳಿ ನೆನಪಿಸಬೇಕಾಗುತ್ತದೆ. ಅದೂ ತವರಿನ ಪಿಚ್ಚೇ.

ಆ ಹೊತ್ತಿಗೆ ಅವರ ಭುಜ ಶಸ್ತ್ರಕ್ರಿಯೆ ಕಂಡಿತ್ತು ಎಂಬುದನ್ನೂ ಸೇರಿಸಿಕೊಳ್ಳಿ. 1996ರಲ್ಲಿ ಭಾರತ ತಂಡದ ಪಟ್ಟಿ ನೋಡಿದರೆ ಉಸಿರು ಕಟ್ಟುತ್ತದೆ: ವಿಶ್ವಕಪ್, ಸಿಂಗಪುರ, ಶಾರ್ಜಾ, ಇಂಗ್ಲೆಂಡ್, ಶ್ರೀಲಂಕಾ, ಟೊರಾಂಟೊ, ಟೈಟನ್ ಕಪ್, ದಕ್ಷಿಣ ಆಫ್ರಿಕದ ಎದುರು ಇಲ್ಲಿ ಮೂರು ಟೆಸ್ಟ್, ಕೂಡಲೇ ಅಲ್ಲಿ ಮೂರು. ಭುಜದ ಕೀಲಿನಲ್ಲಿ ತೋಳಿನ ಮೂಳೆಯ ಗುಂಡನೆಯ ತಲೆ ಕೂತಿರುವ ಗುಳಿ ಬಟ್ಟಲಿನಷ್ಟು ಆಳವಲ್ಲ, ತಟ್ಟೆಯಷ್ಟು. ಅದು ಜಾರದಂತೆ ಸುತ್ತಲೂ ಹಿಡಿದಿಡುವುದು ನಾಲ್ಕು ಸ್ನಾಯುಗಳ ಪಟ್ಟಿ, ರೊಟೇಟರ್ ಕಫ್. ಚೆಂಡು ಬಿಟ್ಟಮೇಲೆ ಅಷ್ಟು ವೇಗದಲ್ಲಿ ಬೀಸಿದ ತೋಳನ್ನು ತಡೆದು ನಿಲ್ಲಿಸುವ ಕೆಲಸವೂ ಈ ಪಟ್ಟಿಯದೇ. ಸವೆಯುವುದು ಹೆಚ್ಚಾಗಿ ಆ ತಡೆಯುವಾಗ. 1997ರ ಆರಂಭದಲ್ಲಿ ಶ್ರೀನಾಥ್‌ಗೆ ಕೈಕೊಟ್ಟದ್ದು ಅದು. ವೆಸ್ಟ್ ಇಂಡೀಸ್ ಪ್ರವಾಸ ಪೂರ್ತಿ ತಪ್ಪಿತು, ವರ್ಷದ ಬಹುಭಾಗ ಚಿಕಿತ್ಸೆಯಲ್ಲಿ ಹೋಯಿತು. ಯಾವ ಬೌಲರ್ ವಾರಕ್ಕೆ ಎಷ್ಟು ಎಸೆತ ಎಸೆದ ಎಂದು ಕೂತು ಬರೆದಿಡುವವರು ಆಗ ತಂಡದಲ್ಲಿರಲಿಲ್ಲ. ಟೆಸ್ಟ್‌ಗಳಲ್ಲಿ 15,104, ಏಕದಿನ ಪಂದ್ಯಗಳಲ್ಲಿ 11,935, ಅಂತರರಾಷ್ಟ್ರೀಯ ಪಂದ್ಯಗಳಲ್ಲೇ ಅವರು ಎಸೆದದ್ದು 27 ಸಾವಿರ ದಾಟುತ್ತದೆ. ರಣಜಿ, ಕೌಂಟಿ, ನೆಟ್ಸ್ ಬೇರೆ.

ಏಕದಿನದ ಮಾತು ಬಂದದ್ದರಿಂದ: 229 ಪಂದ್ಯಗಳಲ್ಲಿ 315 ವಿಕೆಟ್. ಭಾರತದ ಯಾವ ವೇಗಿಯೂ ಅದನ್ನು ಇನ್ನೂ ದಾಟಿಲ್ಲ. ಒಟ್ಟಾರೆ ಮುಂದಿರುವವರು ಕುಂಬ್ಳೆ ಒಬ್ಬರೇ. ಇವರಿಬ್ಬರೂ ಬ್ಯಾಟ್ ಹಿಡಿದು ನಿಂತ ಒಂದು ರಾತ್ರಿಯನ್ನು ಕನ್ನಡಿಗರು ಮರೆಯುವುದಿಲ್ಲ. 1996ರ ಅಕ್ಟೋಬರ್ 21, ಚಿನ್ನಸ್ವಾಮಿ ಕ್ರೀಡಾಂಗಣ, ಟೈಟನ್ ಕಪ್, ಎದುರಾಳಿ ಆಸ್ಟ್ರೇಲಿಯ. 216 ಬೇಕು. ಸಚಿನ್ 88ಕ್ಕೆ ಔಟ್, ಎಂಟು ವಿಕೆಟ್‌ಗೆ 164, ಜನ ಎದ್ದು ಹೊರಟಿದ್ದಾರೆ, ಮನೆಗಳಲ್ಲಿ ಟಿವಿ ಆರಿಸಿದ್ದಾರೆ. ಇಬ್ಬರು ಎಂಜಿನಿಯರ್‌ಗಳು ಓವರ್ ನಡುವೆ ಕನ್ನಡದಲ್ಲೇ ಮಾತಾಡಿಕೊಳ್ಳುತ್ತ 52 ರನ್ ಸೇರಿಸಿ ಪಂದ್ಯ ಗೆಲ್ಲಿಸಿದರು. ಶ್ರೀನಾಥ್ 30, ಕುಂಬ್ಳೆ 16. ಹೊರಟಿದ್ದವರು ಗೇಟಿನಿಂದ ಓಡೋಡಿ ವಾಪಸು ಬಂದ ಕಥೆಯನ್ನು ಇವತ್ತಿಗೂ ಹತ್ತು ಜನ ಹೇಳುತ್ತಾರೆ. ಹತ್ತರಲ್ಲಿ ಎಷ್ಟು ಜನ ನಿಜಕ್ಕೂ ಅಲ್ಲಿದ್ದರೋ ಚಾಮುಂಡಿಯೇ ಬಲ್ಲಳು.

2002ರಲ್ಲಿ ಟೆಸ್ಟ್ ಸಾಕು ಎಂದವರನ್ನು ನಾಯಕ ಸೌರವ್ ಗಂಗೂಲಿ ವಿಶ್ವಕಪ್‌ಗೆಂದು ಹಿಡಿದು ನಿಲ್ಲಿಸಿದರು. ಅದು ಅವರ ನಾಲ್ಕನೇ ವಿಶ್ವಕಪ್. ಜಹೀರ್ ಖಾನ್, ಆಶಿಶ್ ನೆಹ್ರಾ ಜೊತೆ ಹಿರಿಯಣ್ಣನಂತೆ ಎಸೆದು 16 ವಿಕೆಟ್ ಕಿತ್ತರು. ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಹತ್ತು ಓವರ್‌ಗೆ 87 ರನ್, ವಿಕೆಟ್ ಇಲ್ಲ. ಅದೇ ಕೊನೆಯ ಪಂದ್ಯವಾಯಿತು. ವಿಶ್ವಕಪ್‌ಗಳ ಒಟ್ಟು ಗಳಿಕೆ 44 ವಿಕೆಟ್. ಮುಂದೆ ಜಹೀರ್ ಅದಕ್ಕೆ ಸಮ ಬಂದರು, 2023ರಲ್ಲಿ ಮೊಹಮ್ಮದ್ ಶಮಿ ದಾಟಿದರು.

ನಿವೃತ್ತಿಯ ನಂತರ ಕಾಮೆಂಟರಿ ಪೆಟ್ಟಿಗೆಯಲ್ಲಿ ಕೂತು ಹಳೆಯ ಕಥೆ ಹೇಳುವ ದಾರಿ ಸುಲಭವಿತ್ತು. ಅವರು ಹಿಡಿದದ್ದು ಬೇರೆ. 2006ರಿಂದ ಐಸಿಸಿಯ ಮ್ಯಾಚ್ ರೆಫರಿ. 2010ರ ನವೆಂಬರ್‌ನಲ್ಲಿ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದಾಗ ಇವರು ಕಾರ್ಯದರ್ಶಿ. ಮೂರು ವರ್ಷ ಆ ಜೋಡಿ ಆಫೀಸಿನಲ್ಲಿ. ಅದೇ ವರ್ಷದ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಎಸ್‌ಜೆಸಿಇಗೆ ಕೂಗಳತೆಯ ಮೈದಾನದಲ್ಲಿ, ರಣಜಿ ಫೈನಲ್ ನಡೆದಿತ್ತು. ಜನ ಮರವೇರಿ ನೋಡಿದ ಆ ಪಂದ್ಯದಲ್ಲಿ ವೇಗಿಗಳದೇ ಕಾರುಬಾರು: ನಮ್ಮ ಅಭಿಮನ್ಯು ಮಿಥುನ್ 71ಕ್ಕೆ 6, ಮುಂಬೈನ ಅಜಿತ್ ಅಗರ್ಕರ್ 81ಕ್ಕೆ 5. ಮನೀಷ್ ಪಾಂಡೆಯ 144 ಇದ್ದೂ ಕರ್ನಾಟಕ ಆರೇ ರನ್‌ಗಳಿಂದ ಸೋತಿತು. ನೆಲ ಹದ ಮಾಡಿದರೆ ನಮ್ಮಲ್ಲೂ ಇಂಥ ಪಿಚ್ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮ್ಯಾಚ್ ರೆಫರಿಯ ಕೆಲಸಗಳಲ್ಲಿ ಒಂದು, ಪಂದ್ಯ ಮುಗಿದಮೇಲೆ ಪಿಚ್ಚಿಗೆ ಅಂಕ ಹಾಕುವುದು. ಟೆಸ್ಟ್‌ಗಳಿಗೆ ತಟಸ್ಥ ದೇಶದವರೇ ಇರಬೇಕೆಂಬ ನಿಯಮದಿಂದಾಗಿ ಭಾರತದ ಟೆಸ್ಟ್‌ಗಳಿಗೆ ಶ್ರೀನಾಥ್ ಕೂರುವಂತಿರಲಿಲ್ಲ. ಕೋವಿಡ್ ಕಾಲದಲ್ಲಿ ಪ್ರಯಾಣದ ತೊಡಕಿಗೆ ಆ ನಿಯಮ ಸಡಿಲವಾಯಿತು. 2021ರ ಫೆಬ್ರುವರಿಯಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಜಸ್‌ಪ್ರೀತ್ ಬುಮ್ರಾ ತವರಿನಲ್ಲಿ ಮೊದಲ ಟೆಸ್ಟ್ ಆಡಿದಾಗ ರೆಫರಿ ಕುರ್ಚಿಯಲ್ಲಿದ್ದವರು ಶ್ರೀನಾಥ್. ಬುಮ್ರಾ ಅದಕ್ಕೂ ಮೊದಲು ಮೂರು ವರ್ಷ, 17 ಟೆಸ್ಟ್, ಹೊರಗೇ ಆಡಿದ್ದರು. ಗಾಯವೂ ಇತ್ತು, ಮೈ ಕಾಯ್ದುಕೊಳ್ಳಲೆಂದು ಕೊಟ್ಟ ವಿಶ್ರಾಂತಿಯೂ ಇತ್ತು. ಶ್ರೀನಾಥ್‌ಗೆ ಸಿಕ್ಕಂಥ ಬೆಂಚಿನ ವಿಶ್ರಾಂತಿಯಲ್ಲ.

ಮರುವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಶ್ರೀಲಂಕಾ ವಿರುದ್ಧ ಹಗಲು-ರಾತ್ರಿ ಟೆಸ್ಟ್ ಮೂರೇ ದಿನಕ್ಕೆ ಮುಗಿಯಿತು. ಮೊದಲ ದಿನವೇ ಚೆಂಡು ವಿಪರೀತ ತಿರುಗಿದ್ದರಿಂದ ಬ್ಯಾಟು ಚೆಂಡಿನ ಪೈಪೋಟಿ ಸಮವಾಗಿರಲಿಲ್ಲ ಎಂಬ ಕಾರಣ ಕೊಟ್ಟು ಶ್ರೀನಾಥ್ ಚಿನ್ನಸ್ವಾಮಿ ಪಿಚ್ಚನ್ನು ಸಾಧಾರಣಕ್ಕಿಂತ ಕೆಳದರ್ಜೆ ಎಂದು ಬರೆದರು. ತಾವೇ ಕಾರ್ಯದರ್ಶಿಯಾಗಿದ್ದ ಸಂಸ್ಥೆಯ ಮೈದಾನಕ್ಕೆ ಒಂದು ಡಿಮೆರಿಟ್ ಅಂಕ ಬಿತ್ತು. ಅದೇ ಪಿಚ್ಚಿನಲ್ಲಿ, ಸ್ಪಿನ್ನರ್‌ಗಳ ನಡುವೆ ಎಸೆದು, ಬುಮ್ರಾ 24 ರನ್‌ಗೆ 5 ವಿಕೆಟ್ ಕಿತ್ತಿದ್ದರು. ಭಾರತದ ನೆಲದಲ್ಲಿ ಅವರಿಗೆ ಟೆಸ್ಟ್ ಇನಿಂಗ್ಸ್‌ವೊಂದರಲ್ಲಿ ಐದು ವಿಕೆಟ್ ಸಿಕ್ಕಿದ್ದು ಅದೇ ಮೊದಲು.